ರೀಮ್ಯಾಪ್‌ಗೆ ಮುನ್ನ ಗಾಳಿಯ ಲೆಕ್ಕ: ಹಳೆಯ ಆಕ್ಟೇವಿಯಾ ಆರ್‌ಎಸ್ ರಿಪೇರಿಯ ನನ್ನ ಅನುಭವ

ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತದೆ, ಘಟ್ಟ ಹತ್ತಿ ಬೆಂಗಳೂರಿಗೆ ಬಂದರೆ ದಮ್ಮು ಕಳೆದುಕೊಳ್ಳುತ್ತದೆ. ಕಾರಿನ ಮಾಲೀಕರು ಹೇಳಿದ ದೂರು ಇಷ್ಟೇ. ಆದರೆ ತೊಂದರೆಯ ಅರ್ಧ ಗುರುತು ಆ ಮಾತಿನಲ್ಲೇ ಇತ್ತು. ಟರ್ಬೊ ಕಾರುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಮಾಡಿಕೊಂಡು ಬಂದಿರುವ ನನಗೆ ಗ್ರಾಹಕರ ಇಂಥ ಮಾತುಗಳು ಸ್ಕ್ಯಾನರ್‌ನ ದೋಷ ಸಂಕೇತಗಳಷ್ಟೇ ಮುಖ್ಯ. ಕಾರು ಎಲ್ಲಿ, ಯಾವ ಹವೆಯಲ್ಲಿ, ಯಾವ ಗೇರಿನಲ್ಲಿ, ಯಾವ ಪೆಟ್ರೋಲಿನಲ್ಲಿ ಮುಗ್ಗರಿಸುತ್ತದೆ ಎಂದು ಮೊದಲು ಕೇಳಿ ಬರೆದುಕೊಳ್ಳುತ್ತೇನೆ. ಆಮೇಲೆ ಬಾನೆಟ್ ತೆಗೆಯುತ್ತೇನೆ.

ಕಾರು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, 20 ವಾಲ್ವ್‌ಗಳ ಟರ್ಬೊ ಪೆಟ್ರೋಲ್ ಎಂಜಿನ್. ಕಾರ್ಖಾನೆಯಿಂದ ಬಂದಾಗ 150 ಅಶ್ವಶಕ್ತಿ. 2004ರ ಸುಮಾರಿಗೆ ಭಾರತದ ರಸ್ತೆಗಿಳಿದ ಈ ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ನನಗೂ ಈ ಎಂಜಿನ್ ಎಂದರೆ ಪ್ರೀತಿ. ಇದರ ಬಾಷ್ ಎಂಇ7.5 ಇಸಿಯು ತನ್ನ ಪ್ರತಿ ನಿರ್ಧಾರದ ಕಾರಣವನ್ನೂ ತೋರಿಸುತ್ತದೆ. ಓದುವವರಿಗೆ ತಾಳ್ಮೆ ಇರಬೇಕು, ಅಷ್ಟೇ.

ಮಾಲೀಕರು ಬೇರೊಂದು ಕಡೆ ‘ಸ್ಟೇಜ್ 1’ ರೀಮ್ಯಾಪ್, ಅಂದರೆ ಇಸಿಯುವಿನೊಳಗಿನ ಫೈಲು ಬದಲಿಸುವ ಮೊದಲ ಹಂತದ ಟ್ಯೂನಿಂಗ್, ಮಾಡಿಸಿದ್ದರು. ಶಕ್ತಿ ಸಾಲದು ಎಂದಾಗ ಅಲ್ಲಿನವರು ಬೂಸ್ಟ್ (ಟರ್ಬೊ ಒತ್ತಿ ಕಳುಹಿಸುವ ಗಾಳಿಯ ಒತ್ತಡ) ಇನ್ನಷ್ಟು ಏರಿಸಿ ಕಳುಹಿಸಿದ್ದರು. ನನ್ನ ಬಳಿ ಬಂದಾಗ ಮೂರನೇ ಗೇರಿನಲ್ಲಿ 3,500 ಆರ್‌ಪಿಎಂ ದಾಟಿದರೆ ಎಂಜಿನ್ ಸೊರಗುತ್ತಿತ್ತು. ಇಸಿಯುವಿನಲ್ಲಿ 17964, ಅಂದರೆ ಪಿ1556 ಎಂಬ ಸಂಕೇತ ಕುಳಿತಿತ್ತು: ಕೇಳಿದಷ್ಟು ಬೂಸ್ಟ್ ಸಿಗುತ್ತಿಲ್ಲ.

ಇಲ್ಲಿ ಬೆಂಗಳೂರಿನ ಎತ್ತರದ ಮಾತು ಬರುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ 1,010 ಮಿಲಿಬಾರ್ ಆಸುಪಾಸು ಇದ್ದರೆ, ಇಲ್ಲಿ 910ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ಇಲ್ಲಿಗೆ ಬಂದರೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಬಿಟ್ಟುಕೊಟ್ಟು ಸುಮ್ಮನಾಗುತ್ತದೆ. ಎಂಇ7.5 ಹಾಗೆ ಬಿಡುವುದಿಲ್ಲ. ಅದು ಲೆಕ್ಕ ಹಾಕುವುದು ಸಿಲಿಂಡರಿಗೆ ಹೋಗಬೇಕಾದ ಗಾಳಿಯ ಪ್ರಮಾಣವನ್ನು. ಅದಕ್ಕೆ ಬೇಕಾದ ಒತ್ತಡವನ್ನು ಶೂನ್ಯದಿಂದ ಎಣಿಸಿ ಕೇಳುತ್ತದೆ. ಈ ಕಾರಿನ ಫೈಲು ಕೇಳುತ್ತಿದ್ದದ್ದು 2,150 ಮಿಲಿಬಾರ್. ಮಂಗಳೂರಿನಲ್ಲಿ ಅದಕ್ಕಾಗಿ ಟರ್ಬೊ ಗಾಳಿಯನ್ನು 2.13 ಪಟ್ಟು ಒತ್ತಬೇಕು, ಬೆಂಗಳೂರಿನಲ್ಲಿ 2.36 ಪಟ್ಟು. ಏರ್ ಫಿಲ್ಟರ್ ದಾಟುವಾಗ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಆ ಪುಟ್ಟ ಕೆ03 ಟರ್ಬೊ ಇಲ್ಲಿ ಹೆಚ್ಚು ವೇಗವಾಗಿ ತಿರುಗುತ್ತದೆ, ಹೆಚ್ಚು ಬಿಸಿ ಗಾಳಿ ಉಗುಳುತ್ತದೆ. ಕೊಳವೆಯಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ ಅದೂ ಇಲ್ಲಿ ಹೆಚ್ಚು, ಏಕೆಂದರೆ ಸೋರಿಕೆಯನ್ನು ತಳ್ಳುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ.

ಹಾಗಾಗಿ ನನ್ನ ಮುಂದೆ ಎರಡು ಅನುಮಾನಗಳಿದ್ದವು. ಫೈಲು ಈ ಎತ್ತರಕ್ಕೆ ಸಲ್ಲದಷ್ಟು ಕೇಳುತ್ತಿರಬಹುದು, ಅಥವಾ ಎಂಜಿನ್ನಿನಲ್ಲಿ ಎಲ್ಲೋ ಗಾಳಿ ಪೋಲಾಗುತ್ತಿರಬಹುದು. ಎರಡೂ ಒಟ್ಟಿಗೆ ಇದ್ದಾಗ ಬಿಡಿಸಿ ನೋಡಲು ನನಗೆ ಗೊತ್ತಿರುವ ನಂಬಿಕೆಯ ದಾರಿ ಒಂದೇ: ಟ್ಯೂನ್ ತೆಗೆದು ಕಾರ್ಖಾನೆಯ ಫೈಲನ್ನು ಹಾಕಿ ಅಳೆಯುವುದು. ಟ್ಯೂನ್ ಮಾಡಿದ ಫೈಲಿನ ಮೇಲೆಯೇ ದೋಷ ಹುಡುಕುತ್ತ ಹೋದರೆ ಕಾಣುವ ಪ್ರತಿ ಅಂಕಿಗೂ ಎರಡು ಅರ್ಥವಿರುತ್ತದೆ. ಕಾರ್ಖಾನೆಯ ಫೈಲು ಎಷ್ಟೋ ಹವಾಮಾನಗಳಲ್ಲಿ ಪರೀಕ್ಷೆಯಾಗಿ ಬಂದದ್ದು. ಅದು ಕೇಳಿದ್ದನ್ನು ಎಂಜಿನ್ ಕೊಡದಿದ್ದರೆ ತಪ್ಪು ಎಂಜಿನ್ನಿನದು.

ಫೈಲು ಓದುವಾಗ, ಬರೆಯುವಾಗ ಬ್ಯಾಟರಿಗೆ ಒಳ್ಳೆಯ ಚಾರ್ಜರ್ ಕಟ್ಟಿರುತ್ತೇನೆ. ಅರ್ಧದಲ್ಲಿ ವೋಲ್ಟೇಜ್ ಇಳಿದರೆ ಇಸಿಯು ಏಳದೇ ಹೋಗಬಹುದು. ಹಳೆಯ ಟ್ಯೂನ್ ಫೈಲನ್ನು ಕಾರ್ಖಾನೆಯ ಫೈಲಿನ ಪಕ್ಕದಲ್ಲಿಟ್ಟು ಹೋಲಿಸಿದಾಗ ಮೂರು ಸಂಗತಿಗಳು ಕಂಡವು. ಗಾಳಿಯ ಹೊರೆಯ ಗರಿಷ್ಠ ಮಿತಿಯನ್ನು ಹೇಳುವ ಎಲ್‌ಡಿಆರ್‌ಎಕ್ಸ್‌ಎನ್ ಕೋಷ್ಟಕವನ್ನು ಕೆಳಗಿನ ಆರ್‌ಪಿಎಂನಿಂದ ಮೇಲಿನವರೆಗೆ ಒಂದೇ ಸಮನೆ ಏರಿಸಿದ್ದರು. ಬೂಸ್ಟ್ ನಿಯಂತ್ರಿಸುವ ಎನ್75 ವಾಲ್ವ್ ಎಷ್ಟು ತೆರೆಯಬೇಕೆಂದು ಹೇಳುವ ಕೆಎಫ್‌ಎಲ್‌ಡಿಆರ್‌ಎಲ್ ಕೋಷ್ಟಕದ ದೊಡ್ಡ ಭಾಗಕ್ಕೆ ಶೇ. 95 ತುಂಬಿದ್ದರು. ಮೂರನೆಯದು ನನಗೆ ನಿಜಕ್ಕೂ ಬೇಸರ ತಂದಿತು: ಟರ್ಬೊ ಗಾಳಿಯನ್ನು ಎಷ್ಟು ಪಟ್ಟು ಒತ್ತಬಹುದು ಎಂಬ ಮಿತಿ ಇರುವ ಕೆಎಫ್‌ಎಲ್‌ಡಿಎಚ್‌ಬಿಎನ್ ಕೋಷ್ಟಕವನ್ನು ಗರಿಷ್ಠಕ್ಕೆ ಏರಿಸಿ, ಇದ್ದೂ ಇಲ್ಲದಂತೆ ಮಾಡಿದ್ದರು. ಎತ್ತರದ ಊರುಗಳಲ್ಲಿ ಟರ್ಬೊ ತನ್ನ ಶಕ್ತಿ ಮೀರಿ ತಿರುಗದಂತೆ ಕಾಯುವ ಕೋಷ್ಟಕ ಅದು. ಬೆಂಗಳೂರಿನ ಕಾರಿಗೆ ಅದಕ್ಕಿಂತ ಮುಖ್ಯವಾದ ರಕ್ಷಣೆ ಬೇರೆ ಇಲ್ಲ.

ಕಾರ್ಖಾನೆಯ ಫೈಲು ಹಾಕಿ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಓಡಿಸಿದೆ. ಪೂರ್ತಿ ಥ್ರಾಟಲ್ ಪರೀಕ್ಷೆಗಳನ್ನು ನಾನು ಸಾರ್ವಜನಿಕ ರಸ್ತೆಯಲ್ಲಿ ಮಾಡುವುದಿಲ್ಲ. ಒಂದು ಕಣ್ಣು ಲಾಗ್ (ಇಸಿಯು ಕೊಡುವ ಅಂಕಿಗಳ ದಾಖಲೆ) ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟು ಓಡಿಸುವುದು ಇನ್ನೊಬ್ಬರ ಜೀವದ ಜೊತೆ ಆಡುವ ಆಟ. ಲಾಗ್‌ನ 115ನೇ ಗುಂಪಿನಲ್ಲಿ ಕೇಳಿದ ಒತ್ತಡವೂ ಸಿಕ್ಕ ಒತ್ತಡವೂ ಅಕ್ಕಪಕ್ಕ ಬರುತ್ತವೆ. 118ರಲ್ಲಿ ಒಳಗಾಳಿಯ ಉಷ್ಣತೆ, ಎನ್75ರ ಶೇಕಡಾವಾರು. ಕೇಳಿದ್ದು 1,550, ಸಿಕ್ಕಿದ್ದು 1,470, ಎನ್75 ಆಗಲೇ ಶೇ. 90 ದಾಟಿತ್ತು. ಕಾರ್ಖಾನೆಯ ಸೌಮ್ಯವಾದ ಬೇಡಿಕೆಗೇ ಇಸಿಯು ತನ್ನ ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತಿತ್ತು. ಇಂಥ ಎಂಜಿನ್ನಿನ ಮೇಲೆ ಬೂಸ್ಟ್ ಏರಿಸುವುದು ತೂತು ಕೊಡಕ್ಕೆ ಇನ್ನೂ ಜೋರಾಗಿ ನೀರು ಬಿಟ್ಟಂತೆ.

ಅಂಕಿಗಳನ್ನು ನಂಬುವ ಮೊದಲು ಅಂಕಿ ಕೊಡುವ ಸಂವೇದಕವನ್ನು ನಂಬಬಹುದೇ ಎಂದು ನೋಡಬೇಕು. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಬೂಸ್ಟ್ ಸಂವೇದಕ ಏನು ಹೇಳುತ್ತದೆ ಎಂದು ನೋಡಿದರೆ ಸಾಕು. ಬೆಂಗಳೂರಿನಲ್ಲಿ ಅದು 910ರ ಹತ್ತಿರ ಇರಬೇಕು, ಇತ್ತು. 1,000 ತೋರಿಸಿದ್ದರೆ ಸಂವೇದಕವನ್ನೇ ಅನುಮಾನಿಸುತ್ತಿದ್ದೆ.

ನಂತರ 032ನೇ ಗುಂಪು, ಇಂಧನದ ಹೊಂದಾಣಿಕೆ. ಈ ಎರಡು ಅಂಕಿಗಳನ್ನು ಬಿಡಿಸಿ ಓದಲು ಕಲಿತವರಿಗೆ ಅರ್ಧ ಎಂಜಿನ್ ಕಣ್ಣಿಗೆ ಕಂಡಂತೆ. ಮೊದಲನೆಯದು ಐಡಲಿಂಗ್‌ನಲ್ಲಿ ಕೂಡಿಸುವ ಅಥವಾ ಕಳೆಯುವ ಅಂಶ, ಎರಡನೆಯದು ಓಡುವಾಗ ಗುಣಿಸುವ ಅಂಶ. ಅಳತೆಗೆ ಸಿಗದೆ ನುಸುಳುವ ಗಾಳಿ ಐಡಲಿಂಗ್‌ನ ಅಲ್ಪ ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ, ಹಾಗಾಗಿ ವ್ಯಾಕ್ಯೂಮ್ ಸೋರಿಕೆ ಮೊದಲ ಅಂಕಿಯಲ್ಲಿ ಎದ್ದು ಕಾಣುತ್ತದೆ. ಪೆಟ್ರೋಲಿನ ಒತ್ತಡ ಕಡಿಮೆಯಾಗಿದ್ದರೆ ಅಥವಾ ಗಾಳಿ ಅಳೆಯುವ ಎಂಎಎಫ್ ಸಂವೇದಕ ಕಡಿಮೆ ಹೇಳುತ್ತಿದ್ದರೆ ಎರಡನೆಯದು ಏರುತ್ತದೆ. ಈ ಕಾರಿನಲ್ಲಿ ಮೊದಲನೆಯದು ಶೇ. 5.5, ಎರಡನೆಯದು ಶೇ. 12. ಎರಡೂ ಕೂಡಿಸುವ ಕಡೆಗೇ ಇದ್ದವು.

ಇನ್ನು ಸೋರಿಕೆ ಹುಡುಕುವ ಕೆಲಸ. ಎಂಎಎಫ್ ದಾಟಿದ ಮೇಲಿನ ಕೊಳವೆಯ ಬಾಯಿಗೆ ಮುಚ್ಚಳ ಬಿಗಿದು ಕಂಪ್ರೆಸರ್‌ನಿಂದ ಗಾಳಿ ಬಿಡುತ್ತೇನೆ, ಅದೂ ರೆಗ್ಯುಲೇಟರ್ ಇಟ್ಟು, ಅರ್ಧ ಬಾರ್ ಮೀರದಂತೆ. ಹಳೆಯ ಎಂಜಿನ್ನಿಗೆ ಒಂದೇ ಬಾರಿಗೆ ಹೆಚ್ಚು ಒತ್ತಡ ಕೊಟ್ಟರೆ ಕ್ರ್ಯಾಂಕ್‌ಕೇಸ್ ತುಂಬಿ ಆಯಿಲ್ ಸೀಲುಗಳು ಹೊರಬರಬಹುದು. ಸೋಪಿನ ನೀರು ಸಿಂಪಡಿಸುತ್ತ ಇಂಟರ್‌ಕೂಲರ್, ಹೋಸು, ಕ್ಲಾಂಪು ಒಂದೊಂದೇ ನೋಡುತ್ತ ಬಂದೆ. ಥ್ರಾಟಲ್ ಬಾಡಿಗೆ ಹೋಗುವ ಹೋಸಿನ ಕ್ಲಾಂಪಿನಲ್ಲಿ ಸಣ್ಣ ಗುಳ್ಳೆಗಳು ಬಂದವು, ಬಿಗಿ ಮಾಡಿದಾಗ ನಿಂತವು. ಆದರೆ ಒತ್ತಡ ಇಳಿಯುತ್ತಲೇ ಇತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದು ಕಿವಿಗೊಟ್ಟರೆ ಒಳಗಿನಿಂದ ಬುಸ್ಸೆನ್ನುವ ಸದ್ದು!

ಇನ್‌ಟೇಕ್ ಮ್ಯಾನಿಫೋಲ್ಡ್‌ನ ಅಡಿಯಲ್ಲಿ, ಕೈ ಹೋಗದ ಜಾಗದಲ್ಲಿ, ಕ್ರ್ಯಾಂಕ್‌ಕೇಸಿನ ಹಬೆ ಎಳೆಯುವ ಹೋಸುಗಳ ಗೊಂಚಲಿದೆ. ಅಲ್ಲೊಂದು ಚೆಕ್ ವಾಲ್ವ್. ಐಡಲಿಂಗ್‌ನಲ್ಲಿ ಅದು ತೆರೆದು ಹಬೆಯನ್ನು ಎಂಜಿನ್ನಿಗೆ ಬಿಡಬೇಕು, ಬೂಸ್ಟ್ ಬಂದಾಗ ಮುಚ್ಚಿಕೊಳ್ಳಬೇಕು. ವರ್ಷಗಟ್ಟಲೆ ಶಾಖದಲ್ಲಿ ಬೆಂದು ಅದು ಅರ್ಧ ತೆರೆದೇ ನಿಂತಿತ್ತು. ಬೂಸ್ಟ್‌ನ ಗಾಳಿ ನೇರ ಕ್ರ್ಯಾಂಕ್‌ಕೇಸಿಗೆ ಹೋಗುತ್ತಿತ್ತು. ಪಕ್ಕದ ಹೋಸು ಮುಟ್ಟಿದರೆ ಪುಡಿಯಾಗುವಂತಿತ್ತು, ಐಡಲಿಂಗ್‌ನಲ್ಲಿ ಅದೇ ಬಿರುಕಿನಿಂದ ಹೊರಗಾಳಿ ಒಳಗೆ ನುಸುಳುತ್ತಿತ್ತು. ಒಂದೇ ಮೂಲೆಯ ಹಳೆಯ ರಬ್ಬರ್ ಎರಡು ಬೇರೆ ಬೇರೆ ಲಕ್ಷಣಗಳನ್ನು ತೋರಿಸುತ್ತಿತ್ತು. ಈ ಹೋಸುಗಳ ಸೆಟ್ಟನ್ನು ಪೂರ್ತಿ ಬದಲಿಸಿ ಎಂದು ಈ ಎಂಜಿನ್ ಇರುವ ಎಲ್ಲರಿಗೂ ಹೇಳುತ್ತೇನೆ. ಒಂದನ್ನು ಬದಲಿಸಿದರೆ ಅದರ ಪಕ್ಕದ್ದು ಮುಂದಿನ ಬೇಸಿಗೆಗೆ ಒಡೆಯುತ್ತದೆ.

ಥ್ರಾಟಲ್ ಬಿಟ್ಟಾಗ ಬೂಸ್ಟ್ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವ್ ಬಿಚ್ಚಿ, ಒಳಗಿನ ಪಿಸ್ಟನ್ ಒತ್ತಿ, ಮೇಲಿನ ಮೊಲೆಕೊಳವೆಗೆ ಬೆರಳು ಅಡ್ಡ ಹಿಡಿದೆ. ಪಿಸ್ಟನ್ ಅಲ್ಲೇ ನಿಲ್ಲಬೇಕಿತ್ತು, ಮೆಲ್ಲಗೆ ವಾಪಸ್ ಬಂತು. ಪೊರೆ ಹರಿದಿದೆ ಎಂದು ಅರ್ಥ, ಅದೂ ಹೊಸದಾಯಿತು. ಹೊಗೆಯನ್ನು ಟರ್ಬೊ ತಪ್ಪಿಸಿ ಬಿಟ್ಟು ಬೂಸ್ಟ್ ತಡೆಯುವ ವೇಸ್ಟ್‌ಗೇಟ್‌ನ ಕಡ್ಡಿ ಕೈಪಂಪಿನ 0.35 ಬಾರ್‌ಗೆ ಅಲುಗಿತು, ಸರಿಯಾಗಿತ್ತು. ಎನ್75ರ ಕನೆಕ್ಟರ್ ಕಳಚಿ, ಸ್ಪ್ರಿಂಗ್‌ನ ಬಲದ ಮೇಲೊಂದೇ ಟರ್ಬೊ ಓಡಿಸಿದಾಗ ಬೂಸ್ಟ್ ಗೆರೆ ಎಳೆದಂತೆ ನೇರವಾಗಿ ಬಂತು. ಯಂತ್ರದ ಭಾಗ ಇಷ್ಟಕ್ಕೆ ಮುಗಿಯಿತು. ಕಾರ್ಖಾನೆಯ ಫೈಲಿನಲ್ಲಿ ಕೇಳಿದ್ದೂ ಸಿಕ್ಕಿದ್ದೂ ಒಂದರ ಮೇಲೊಂದು ಕುಳಿತವು, ಎನ್75ರ ಮೇಲೆ ಸಾಕಷ್ಟು ಜಾಗ ಉಳಿಯಿತು. ಈ ಸ್ಥಿತಿಯಲ್ಲಿ ಹಳೆಯ ಟ್ಯೂನ್ ಹಾಗೇ ವಾಪಸ್ ಹಾಕಿದ್ದರೆ ಸೋರಿಕೆಗೆಂದು ತುಂಬಿದ್ದ ಆ ಶೇ. 95 ಈಗ ಬೂಸ್ಟನ್ನು ಮಿತಿಮೀರಿ ಚಿಮ್ಮಿಸುತ್ತಿತ್ತು.

ಇಂಧನದ ಅಂಕಿಗಳು ಮಾತ್ರ ಇನ್ನೊಂದು ಪ್ರಶ್ನೆ ಉಳಿಸಿದ್ದವು. ಐಡಲಿಂಗ್‌ನ ಅಂಕಿ ಶೇ. 0.5ಕ್ಕೆ ಇಳಿಯಿತು, ಓಟದ ಅಂಕಿ ಶೇ. 8.5ರಲ್ಲಿ ನಿಂತಿತು. ಪೆಟ್ರೋಲ್ ಒತ್ತಡ ಅಳೆದೆ. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸು ಕಳಚಿದಾಗ 3 ಬಾರ್, ಅಲುಗಲಿಲ್ಲ. ಎಂಎಎಫ್ ಸರಿಯಾಗಿತ್ತು. ಉಳಿದದ್ದು ಇಂಧನವೇ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಉರಿಯಲು 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ 13.5ರಷ್ಟು ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ. 8ರಿಂದ 9ರಷ್ಟು ಹೆಚ್ಚು ಇಂಧನ. ಲೆಕ್ಕ ತಾಳೆಯಾಯಿತು. 2004ರ ಫೈಲಿಗೆ ಇ20 ಗೊತ್ತಿಲ್ಲ, ಇಸಿಯು ತಾನಾಗಿ ಕಲಿತು ಸರಿದೂಗಿಸುತ್ತಿತ್ತು. ದಿನನಿತ್ಯದ ಓಟಕ್ಕೆ ಅದು ಸಾಕು. ಬೂಸ್ಟ್ ಏರಿಸಿದ ಕಾರಿಗೆ ಸಾಲದು: ಬ್ಯಾಟರಿ ಕಳಚಿದರೆ ಅಥವಾ ದೋಷ ಸಂಕೇತ ಅಳಿಸಿದರೆ ಕಲಿತದ್ದೂ ಅಳಿಯುತ್ತದೆ, ಮತ್ತೆ ಕಲಿಯುವವರೆಗೆ ಪೂರ್ತಿ ಥ್ರಾಟಲ್‌ನಲ್ಲಿ ಇಂಧನ ಕಡಿಮೆ ಬೀಳುತ್ತದೆ. ಆದ್ದರಿಂದ ಇಂಜೆಕ್ಟರ್‌ನ ಮೂಲ ಗುಣಕವಾದ ಕೆಆರ್‌ಕೆಟಿಇಯನ್ನೇ ಶೇ. 8 ಏರಿಸಿದೆ. ಹೊಂದಾಣಿಕೆಯ ಅಂಕಿ ಸೊನ್ನೆಯ ಹತ್ತಿರ ಬಂತು.

ಗಾಳಿ-ಇಂಧನದ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಬಳಸುವವರು ಇಲ್ಲಿ ಎಚ್ಚರದಿಂದಿರಬೇಕು. ಪೆಟ್ರೋಲಿಗೆಂದು ಹೊಂದಿಸಿದ ಮೀಟರ್ ಇ20 ಹಾಕಿದಾಗಲೂ ಸಮತೋಲನಕ್ಕೆ 14.7 ಎಂದೇ ತೋರಿಸುತ್ತದೆ. ಅದನ್ನು ನಿಜವಾದ ಅನುಪಾತ ಎಂದು ತಿಳಿದು ತಿದ್ದಲು ಹೋದರೆ ಲೆಕ್ಕ ಕೆಡುತ್ತದೆ. ಲ್ಯಾಮ್‌ಡಾದಲ್ಲೇ ಓದಿ, ಅದರಲ್ಲಿ ಸಮತೋಲನ ಎಂದರೆ 1, ಅದಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು. ಪೂರ್ತಿ ಹೊರೆಯಲ್ಲಿ 0.85ರ ಆಸುಪಾಸು ಇರುವಂತೆ ನಾನು ಇಡುತ್ತೇನೆ, ಯಾವ ಇಂಧನವಾದರೂ ಆ ಅಂಕಿಯ ಅರ್ಥ ಬದಲಾಗುವುದಿಲ್ಲ.

ಹೊಸ ಪ್ಲಗ್‌ಗಳನ್ನು 0.7 ಮಿಲಿಮೀಟರ್ ಅಂತರಕ್ಕೆ ಹೊಂದಿಸಿ ಹಾಕಿದೆ. ಆಮೇಲೆ ಟ್ಯೂನನ್ನು ಮೊದಲಿನಿಂದ ಬರೆದೆ. 3,000 ದಾಟಿದ ಮೇಲೆ 1,950 ಮಿಲಿಬಾರ್, ಅಲ್ಲಿಂದ ಮೆಲ್ಲಗೆ ಇಳಿಯುತ್ತ 6,000ಕ್ಕೆ 1,600. ಮೇಲಿನ ಆರ್‌ಪಿಎಂನಲ್ಲಿ ಕೆ03ಯಿಂದ ಹೆಚ್ಚು ಕೇಳಿದರೆ ಸಿಗುವುದು ಶಾಖ ಮಾತ್ರ. ಕೆಎಫ್‌ಎಲ್‌ಡಿಎಚ್‌ಬಿಎನ್ ಕೋಷ್ಟಕಕ್ಕೆ ನಿಜವಾದ ಅಂಕಿಗಳನ್ನು ಮತ್ತೆ ತುಂಬಿದೆ. ಇದರಿಂದ ಘಟ್ಟದ ಕೆಳಗೆ ಕಾರು ಪೂರ್ತಿ ಕೊಡುತ್ತದೆ, ಮೇಲೆ ಬಂದಾಗ ತಾನೇ ಒಂದಿಷ್ಟು ತಗ್ಗುತ್ತದೆ. ಮಡಿಕೇರಿ, ಊಟಿಯಂಥ ಇನ್ನೂ ಎತ್ತರದ ಊರುಗಳಿಗೆ ಹೋದರೆ ಇನ್ನಷ್ಟು ತಗ್ಗುತ್ತದೆ. ಟರ್ಬೊ ಉಳಿಯಬೇಕಾದರೆ ಅದು ಹಾಗೇ ಆಗಬೇಕು.

ಕೊನೆಯ ಓಟದಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು 020ನೇ ಗುಂಪನ್ನು. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಹಿಡಿತ ತಪ್ಪಿ ಸಿಡಿಯುವ ಬಡಿತ) ಕೇಳಿಸಿದಾಗ ಇಸಿಯು ಪ್ರತಿ ಸಿಲಿಂಡರಿನ ಇಗ್ನಿಷನ್ ಟೈಮಿಂಗನ್ನು ಎಷ್ಟು ಹಿಂದಕ್ಕೆ ಎಳೆಯಿತು ಎಂದು ಅದು ಹೇಳುತ್ತದೆ. ನಾಲ್ಕೂ ಸಿಲಿಂಡರುಗಳಲ್ಲಿ 3 ಡಿಗ್ರಿಯೊಳಗೆ ಇದ್ದರೆ ನನಗೆ ಸಮಾಧಾನ. ಎಲ್ಲವೂ ಒಟ್ಟಿಗೆ 6 ದಾಟಿದರೆ ಟೈಮಿಂಗ್ ಅಥವಾ ಬೂಸ್ಟ್ ಕಡಿಮೆ ಮಾಡುತ್ತೇನೆ. ಒಂದೇ ಸಿಲಿಂಡರ್ ಬೇರೆ ದಾರಿ ಹಿಡಿದರೆ ಆ ಪ್ಲಗ್, ಆ ಕಾಯಿಲ್, ಆ ಇಂಜೆಕ್ಟರ್ ನೋಡುತ್ತೇನೆ. ಇಲ್ಲಿ ಮೂರನೇ ಸಿಲಿಂಡರ್ 4.5 ತೋರಿಸುತ್ತಿತ್ತು, ಉಳಿದವು 2ರ ಕೆಳಗೆ. ಇಂಜೆಕ್ಟರುಗಳನ್ನು ಬಿಚ್ಚಿ ತೊಳೆಸಿ ಹರಿವು ಅಳೆಸಿದಾಗ ಮೂರನೆಯದು ಉಳಿದವುಗಳಿಗಿಂತ ಕಡಿಮೆ ಸಿಂಪಡಿಸುತ್ತಿದ್ದದ್ದು ತಿಳಿಯಿತು. ಬದಲಿಸಿದ ಮೇಲೆ ಅದೂ ಉಳಿದವುಗಳ ಸಾಲಿಗೆ ಬಂತು. ಎಂಎಎಫ್ ಸೆಕೆಂಡಿಗೆ 140 ಗ್ರಾಂ ತೋರಿಸಿತು. ಅದನ್ನು 0.8ರಿಂದ ಭಾಗಿಸುವ ರೂಢಿಯ ಲೆಕ್ಕದಲ್ಲಿ 175 ಅಶ್ವಶಕ್ತಿ, ಅದೂ ಬೆಂಗಳೂರಿನ ಗಾಳಿಯಲ್ಲಿ.

ಕಾರ್ಖಾನೆಯ ಫೈಲು, ಹೊಸ ಫೈಲು, ಎರಡರ ಲಾಗ್‌ಗಳು, ಎಲ್ಲವನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಮಾಲೀಕರಿಗೆ ಕೊಟ್ಟೆ. ನಾಳೆ ಯಾರ ಗ್ಯಾರೇಜಿಗೆ ಹೋದರೂ ಹೋಲಿಸಲು ಆಧಾರ ಬೇಕು. ಏಪ್ರಿಲ್‌ನ ಬಿಸಿಲಿನಲ್ಲಿ ಒಳಗಾಳಿಯ ಉಷ್ಣತೆ ಎಷ್ಟು ಏರುತ್ತದೆ ಎಂದು ಇನ್ನೊಮ್ಮೆ ಲಾಗ್ ತೆಗೆಯಬೇಕಿದೆ. ಬಂಪರಿನ ಮೂಲೆಯಲ್ಲಿ ಕುಳಿತ ಆ ಸಣ್ಣ ಇಂಟರ್‌ಕೂಲರ್ ಮೇಲೆ ನನಗೆ ಇನ್ನೂ ಪೂರ್ತಿ ನಂಬಿಕೆ ಇಲ್ಲ.