ರಾಜಪ್ರಭುತ್ವ ಉಳಿಯಬೇಕೇ, ಹೋಗಬೇಕೇ: ತೂಗಿ ನೋಡುವ ಬಗೆ

ಒಂದು ದೇಶ ತನ್ನ ರಾಜಪ್ರಭುತ್ವವನ್ನು ಉಳಿಸಿಕೊಳ್ಳಬೇಕೇ, ಕೈಬಿಡಬೇಕೇ ಎಂಬ ಚರ್ಚೆಗೆ ಸಿದ್ಧರಾಗುವವರು ಅರಮನೆಯ ವೈಭವದಿಂದಲೋ ರಾಜನ ಗುಣಾವಗುಣಗಳಿಂದಲೋ ಆರಂಭಿಸಬಾರದು. ಮೊದಲು ಆ ದೇಶದ ಸಂವಿಧಾನವನ್ನು ತೆರೆದು, ಚುನಾಯಿತ ಸರ್ಕಾರದ ಸಲಹೆಯಿಲ್ಲದೆ ರಾಜ ಏನೇನು ಮಾಡಬಲ್ಲನೆಂಬುದನ್ನು ಪಟ್ಟಿ ಮಾಡಿಕೊಳ್ಳಬೇಕು.

ಈ ಓದು ಏಕೆ ಮುಖ್ಯವೆಂಬುದಕ್ಕೆ ನೇಪಾಳವನ್ನು ನೋಡಿ. ಅಲ್ಲಿನ 1990ರ ಸಂವಿಧಾನ ಬಹುಪಕ್ಷ ಪ್ರಜಾಪ್ರಭುತ್ವವನ್ನು ತಂದಿತ್ತಾದರೂ, ಅಡಚಣೆಗಳನ್ನು ನಿವಾರಿಸಲು ರಾಜ ಆದೇಶ ಹೊರಡಿಸಬಹುದೆಂಬ 127ನೇ ವಿಧಿಯೂ ಅದರಲ್ಲಿತ್ತು. ರಾಜ ಜ್ಞಾನೇಂದ್ರ 2002ರ ಅಕ್ಟೋಬರಿನಲ್ಲಿ ಅದನ್ನೇ ಬಳಸಿ ಪ್ರಧಾನಿಯನ್ನು ವಜಾ ಮಾಡಿದರು. 2005ರ ಫೆಬ್ರವರಿ 1ರಂದು ಇಡೀ ಆಡಳಿತವನ್ನೇ ಕೈಗೆ ತೆಗೆದುಕೊಂಡಾಗ ದೇಶದ ದೂರವಾಣಿ ಸಂಪರ್ಕವೂ ಕಡಿದುಹೋಯಿತು. ಮರುವರ್ಷ ಜನ ಬೀದಿಗಿಳಿದರು. 2008ರ ಮೇ 28ರಂದು ಸಂವಿಧಾನ ಸಭೆ 560–4 ಮತಗಳಿಂದ ರಾಜಪ್ರಭುತ್ವವನ್ನು ಕೊನೆಗೊಳಿಸಿತು. ಇಂಥ ಅಧಿಕಾರ ರಾಜನ ಕೈಯಲ್ಲಿ ಉಳಿದಿರುವ ಕಡೆ, ರಾಜ ಎಷ್ಟೇ ಒಳ್ಳೆಯವನಾಗಿದ್ದರೂ, ಆ ವ್ಯವಸ್ಥೆ ಹೋಗಬೇಕೆಂಬುದೇ ನನ್ನ ದೃಢವಾದ ನಿಲುವು, ಏಕೆಂದರೆ ಅವನ ನಂತರ ಬರುವವನನ್ನು ಯಾರೂ ಆರಿಸುವುದಿಲ್ಲ.

ಅಧಿಕಾರ ಕೇವಲ ಸಹಿಯದ್ದಾಗಿದ್ದರೆ, ಆ ಸಹಿ ನಿಂತುಹೋದ ದಿನ ಏನಾಯಿತೆಂದು ಹುಡುಕಿ. ಬೆಲ್ಜಿಯಂನ ರಾಜ ಬೋದ್ವೆಂ 1990ರಲ್ಲಿ ಗರ್ಭಪಾತ ಕಾನೂನಿಗೆ ಸಹಿ ಹಾಕಲು ತಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲವೆಂದರು. ಸರ್ಕಾರ ಅವರನ್ನು ಆಳಲು ಅಸಮರ್ಥರೆಂದು ಘೋಷಿಸಿತು, ಮಂತ್ರಿಗಳೇ ಸಹಿ ಮಾಡಿದರು, ಸುಮಾರು ಒಂದೂವರೆ ದಿನದಲ್ಲಿ ಸಂಸತ್ತು ಅವರನ್ನು ಮತ್ತೆ ಗದ್ದುಗೆಗೆ ತಂದಿತು. ರಾಜನ ಮನಸ್ಸಾಕ್ಷಿಗೂ ಜನರ ಶಾಸನಕ್ಕೂ ಒಟ್ಟಿಗೆ ದಾರಿ ಮಾಡಿಕೊಟ್ಟ ಆ ವ್ಯವಸ್ಥೆಯನ್ನು ಕೆಡವುವ ಅವಸರ ನನಗೆ ಕಾಣುವುದಿಲ್ಲ. 1981ರ ಫೆಬ್ರವರಿಯಲ್ಲಿ ಸ್ಪೇನಿನ ಸಂಸತ್ತಿಗೆ ಬಂದೂಕುಧಾರಿಗಳು ನುಗ್ಗಿದಾಗ, ಸೇನಾ ಸಮವಸ್ತ್ರದಲ್ಲೇ ಟಿ.ವಿ.ಯಲ್ಲಿ ಕಾಣಿಸಿಕೊಂಡ ರಾಜ ಸಂವಿಧಾನದ ಪರ ನಿಂತದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಖರ್ಚಿನ ವಾದಕ್ಕೆ ಹೆಚ್ಚು ಸಮಯ ಕೊಡಬೇಡಿ; ರಾಷ್ಟ್ರಪತಿಗೂ ಭವನ, ಭದ್ರತೆ, ಸಿಬ್ಬಂದಿ ಬೇಕಾಗುತ್ತದೆ. ರಾಜಮನೆತನದ ಮೇಲಿನ ಅಭಿಮಾನವೂ ಸಿಂಹಾಸನ ಉಳಿಸಲು ಸಾಕಾಗುವ ಕಾರಣವಲ್ಲ. ಮೈಸೂರು ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಅದರ ಮಹಾರಾಜ ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ (ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾಗಿ), ಅನಂತರ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು, ಮೈಸೂರಿನ ಜನರ ಪ್ರೀತಿಗೆ ಅದರಿಂದ ಕುಂದು ಬರಲಿಲ್ಲ.

ಬಹುತೇಕ ವಾದಗಳು ಸೋಲುವುದು ರಾಜನ ಜಾಗಕ್ಕೆ ಯಾರೆಂಬ ಪ್ರಶ್ನೆಯಲ್ಲಿ. ಆಸ್ಟ್ರೇಲಿಯದಲ್ಲಿ 1999ರ ನವೆಂಬರ್ 6ರ ಜನಮತಗಣನೆಯ ಮತಪತ್ರ ಗಣರಾಜ್ಯ ಬೇಕೇ ಎಂದಷ್ಟೇ ಕೇಳಲಿಲ್ಲ. ಸಂಸತ್ತಿನ ಮೂರನೇ ಎರಡರಷ್ಟು ಬಹುಮತದಿಂದ ನೇಮಕವಾಗುವ ಅಧ್ಯಕ್ಷರು ದೇಶದ ಮುಖ್ಯಸ್ಥೆಯಾಗಿದ್ದ ಬ್ರಿಟನ್ನಿನ ರಾಣಿಯ ಮತ್ತು ಅವರ ಪ್ರತಿನಿಧಿಯಾದ ಗವರ್ನರ್ ಜನರಲ್ ಅವರ ಸ್ಥಾನಕ್ಕೆ ಬರಬೇಕೇ ಎಂದು ಕೇಳಿತು. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೆಂದಿದ್ದ ಗಣರಾಜ್ಯವಾದಿಗಳಲ್ಲೂ ಹಲವರು ಅದನ್ನು ವಿರೋಧಿಸಿದರು, ಸುಮಾರು ಶೇ. 55ರಷ್ಟು ಮತದಾರರು ಬೇಡವೆಂದರು, ಆರು ರಾಜ್ಯಗಳಲ್ಲಿ ಒಂದೂ ಒಪ್ಪಲಿಲ್ಲ.

ಆದ್ದರಿಂದ ನಿಮ್ಮ ವಾದವನ್ನೂ ಮತಪತ್ರದಲ್ಲಿ ಅಚ್ಚಾಗುವ ಒಂದೇ ವಾಕ್ಯವಾಗಿ ಬರೆದು ನೋಡಿ. ಹೊಸ ಮುಖ್ಯಸ್ಥರನ್ನು ಆರಿಸುವವರು ಯಾರು, ತೆಗೆಯಬಲ್ಲವರು ಯಾರು, ಸರ್ಕಾರವನ್ನು ವಜಾ ಮಾಡುವ ಅಧಿಕಾರ ಅವರಿಗಿರುತ್ತದೆಯೇ ಎಂಬುದು ಆ ವಾಕ್ಯದಿಂದ ಹೊರಡದಿದ್ದರೆ, ಮತ್ತೆ ಸಂವಿಧಾನದ ಪುಟಗಳಿಗೇ ಹಿಂದಿರುಗಿ.