ಪಟ್ಟಿ ತೆರೆಯಲು ತಡವಾಗುತ್ತಿದೆಯೇ? ಮೊದಲು ಕ್ವೆರಿ ಎಣಿಸಿ

ಗೆಳೆಯರೇ, ಹೈಬರ್ನೇಟ್ (ಜಾವಾ ಪ್ರೋಗ್ರಾಂಗೂ ಡೇಟಾಬೇಸ್‌ಗೂ ನಡುವೆ ಸೇತುವೆಯಾಗುವ ತಂತ್ರಾಂಶ) ಬಳಸುವವರು ದಯವಿಟ್ಟು ಇದನ್ನು ಓದಿ. ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದೇನೆ. 200 ರೈತರ ಪಟ್ಟಿ, ಪ್ರತಿಯೊಬ್ಬರ ಎದುರು ಅವರು ತಂದ ಚೀಲಗಳ ವಿವರ. ಪುಟ ತೆರೆಯುವಷ್ಟರಲ್ಲಿ ಗುಮಾಸ್ತರ ತಾಳ್ಮೆ ಮುಗಿಯುತ್ತಿತ್ತು. ಎಸ್‌ಕ್ಯೂಎಲ್ ಲಾಗ್, ಅಂದರೆ ಡೇಟಾಬೇಸ್‌ಗೆ ಹೋದ ಕ್ವೆರಿಗಳ (ಪ್ರಶ್ನೆಗಳ) ದಾಖಲೆ, ತೆರೆದು ನೋಡಿದರೆ 201 ಕ್ವೆರಿ! ರೈತರ ಪಟ್ಟಿಗೆ ಒಂದು, ಆಮೇಲೆ ಒಬ್ಬೊಬ್ಬರ ಚೀಲಗಳಿಗೂ ಒಂದೊಂದು. ಒಂದೇ ಲಾರಿಯಲ್ಲಿ ಬರಬೇಕಾದ ಮಾಲಿಗೆ ಚೀಲಕ್ಕೊಂದು ಗಾಡಿ ಕಟ್ಟಿದ ಹಾಗೆ.

ಕ್ವೆರಿಯಲ್ಲಿ ಜಾಯಿನ್ ಫೆಚ್ (ರೈತರ ಜೊತೆಗೇ ಅವರ ಚೀಲಗಳನ್ನೂ ತಾ ಎನ್ನುವ ಸೂಚನೆ) ಬರೆದೆ, 201 ಹೋಗಿ ಒಂದಾಯಿತು.

ಹಾಗೆಂದು ಎಲ್ಲ ಸಂಬಂಧಗಳನ್ನೂ ಈಗರ್ (ಕೇಳುವ ಮೊದಲೇ ತರುವಂಥದ್ದು) ಮಾಡಬೇಡಿ, ಬೇಡದ ಕಡೆಯೂ ದತ್ತಾಂಶ ಹೊತ್ತು ತರುತ್ತದೆ. ಮೆನಿ-ಟು-ಒನ್ ಸಂಬಂಧ (ಹಲವು ಚೀಲಗಳಿಗೆ ಒಬ್ಬ ರೈತ ಎಂಬಂಥದ್ದು) ನಾವೇನೂ ಹೇಳದಿದ್ದರೆ ಈಗರ್ ಆಗಿಯೇ ಇರುತ್ತದೆ. ಲೇಜಿ (ಬೇಕಾದಾಗ ಮಾತ್ರ ತರುವಂಥದ್ದು) ಎಂದು ನಾವೇ ಬರೆಯಬೇಕು. ಬಹಳ ಜನ ಎಡವುವುದು ಇಲ್ಲೇ.

ಇನ್ನೊಂದು ಎಚ್ಚರಿಕೆ. ಪಟ್ಟಿಯನ್ನು ಪುಟಪುಟವಾಗಿ ತೋರಿಸುವಾಗ ಚೀಲಗಳಂಥ ಸಂಗ್ರಹಕ್ಕೆ ಜಾಯಿನ್ ಫೆಚ್ ಬೇಡ. ಹೈಬರ್ನೇಟ್ ಎಲ್ಲ ಸಾಲುಗಳನ್ನೂ ಮೆಮೊರಿಗೆ ಎಳೆದುಕೊಂಡು ಅಲ್ಲಿ ಪುಟ ಕತ್ತರಿಸುತ್ತದೆ. ಅಂಥ ಕಡೆ ಬ್ಯಾಚ್ ಸೈಜ್ (ಒಂದು ಕ್ವೆರಿಗೆ ಎಷ್ಟು ರೈತರ ಚೀಲಗಳನ್ನು ತರಬೇಕೆಂಬ ಸಂಖ್ಯೆ) 50 ಕೊಡಿ: 200 ರೈತರ ಚೀಲಗಳು ನಾಲ್ಕೇ ಕ್ವೆರಿಯಲ್ಲಿ ಬರುತ್ತವೆ. ನಿಮ್ಮ ಲಾಗ್‌ನಲ್ಲಿ ಎಷ್ಟು ಕ್ವೆರಿ ಕಂಡವು ಎಂದು ಇಲ್ಲಿ ಬರೆಯಿರಿ, ಕೂತು ನೋಡೋಣ.