ಸರ್ಕಾರಿ ಶಾಲೆ ನೋಡಲು ಹೋಗ್ತೀರಾ? ಹೀಗೆ ಹೋಗಿ

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ರಾಜ್ಯಕ್ಕೇ ಯಾದಗಿರಿ ಜಿಲ್ಲೆ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಪಟ್ಟಿ ಬಂದ ದಿನ ನಮ್ಮ ಕಲ್ಯಾಣ ಕರ್ನಾಟಕದ ಕಡೆ ಎಲ್ಲರೂ ಮಾಸ್ತರರನ್ನು ಬೈಯುತ್ತಾರೆ. ಬೈಯುವವರಲ್ಲಿ ಎಷ್ಟು ಜನ ಒಂದನೇ ತರಗತಿಯಲ್ಲಿ ಅರ್ಧ ದಿನ ಕೂತು ಪಾಠ ನೋಡಿದ್ದಾರೆ? ಹತ್ತನೇ ತರಗತಿಯ ಅಂಕದ ಬೇರು ಅಲ್ಲೇ ಇರೋದು. ಮಗುವಿಗೆ ಶಾಲೆ ಹುಡುಕುತ್ತಿದ್ದರೂ ಸರಿ, ಊರ ಶಾಲೆಯ ಮೇಲಿನ ಕಾಳಜಿಗಾದರೂ ಸರಿ, ಒಮ್ಮೆ ಹೋಗಿ ನೋಡಿ.

ಮೊದಲು ಮುಖ್ಯಗುರುಗಳನ್ನು ಕೇಳಿ. ಒಂದೆರಡು ದಿನ ಮುಂಚೆಯೇ ಹೋಗಿ, ಯಾಕೆ ಬರ್ತೀನಿ, ಎಷ್ಟು ಹೊತ್ತು ಇರ್ತೀನಿ ಅಂತ ಹೇಳಿ. ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ, ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಸುಲಭ. ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಹಾಗಾಗಿ ಹಳ್ಳಿಯಲ್ಲಿ ಯಾರಾದರೂ ನಿಮಗೆ ಪರಿಚಯದವರು ಇದ್ದೇ ಇರುತ್ತಾರೆ. ಸಂಘ-ಸಂಸ್ಥೆಯ ಕಡೆಯಿಂದ ಹೋಗುವವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಅನುಮತಿ ಪತ್ರ ಪಡೆಯಿರಿ. ತಪಾಸಣೆಗೆ ಬಂದವರ ಗತ್ತು ಮಾತ್ರ ಬೇಡ. ಮಕ್ಕಳ ಫೋಟೊ, ವಿಡಿಯೊ ಕೇಳದೆ ತೆಗೆಯಬೇಡಿ.

ಆಗಸ್ಟ್ 15ಕ್ಕೆ ಹೋದರೆ ಶಾಲೆ ಕಾಣಲ್ಲ, ಕಾರ್ಯಕ್ರಮ ಕಾಣುತ್ತದೆ. ಶನಿವಾರ ಅರ್ಧ ದಿನ. ವಾರದ ನಡುವೆ, ಪ್ರಾರ್ಥನೆಗಿಂತ ಮುಂಚೆ ಹೋಗಿ.

ಈಗ ಮುಖ್ಯ ವಿಷಯ, ಏನು ನೋಡಬೇಕು. ನೇರವಾಗಿ ನಲಿ-ಕಲಿ ಕೋಣೆಗೆ, ಅಂದರೆ ಸಣ್ಣ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ಕೋಣೆಗೆ ಹೋಗಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಇಲ್ಲಿ ಒಟ್ಟಿಗೆ ಕೂರುತ್ತಾರೆ, ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದಕ್ಕೆ ಸ್ವಲ್ಪ, ಎರಡು ಗುಂಪು ಗೆಳೆಯರ ಸಹಾಯದಿಂದ ಕಲಿಯುತ್ತವೆ, ಕೊನೆಯದು ತಾನಾಗಿಯೇ. ಮಗು ಗೋಡೆಯ ಮೇಲಿನ ಕಲಿಕಾ ಏಣಿ (ಕಲಿಕೆಯ ಹಂತಗಳನ್ನು ಚಿತ್ರಗಳಲ್ಲಿ ತೋರಿಸುವ ಪಟ) ನೋಡಿ ತನ್ನ ಮೆಟ್ಟಿಲು ಯಾವುದು ಅಂತ ಗುರುತಿಸಿ, ಆ ಚಿತ್ರದ ಕಾರ್ಡನ್ನು ತಾನೇ ಹುಡುಕಿ ತಂದು ಚಾಪೆ ಮೇಲೆ ಕೂರುತ್ತದೆ. ಆ ಒಂದು ನಿಮಿಷ ಸರಿಯಾಗಿ ಗಮನಿಸಿ. ಮಗು ತಡವರಿಸದೆ ಕಾರ್ಡ್ ತಂದರೆ ಅಲ್ಲಿ ದಿನಾ ಪಾಠ ನಡೆಯುತ್ತಿದೆ ಅಂತಲೇ ಲೆಕ್ಕ. ಕಾರ್ಡುಗಳು ಹೊಸದರ ಹಾಗೆ ಮಿರಮಿರ ಮಿಂಚುತ್ತಿದ್ದರೆ ಸ್ವಲ್ಪ ಅನುಮಾನ ಪಡಿ. ಅಂಚು ಸವೆದ ಕಾರ್ಡು ನನಗೆ ಯಾವತ್ತೂ ಖುಷಿ ಕೊಡುತ್ತದೆ.

ಆಮೇಲೆ ಭಾಷೆ. ಇದನ್ನು ಜಾಸ್ತಿ ಜನ ಗಮನಿಸೋದೇ ಇಲ್ಲ. ಚಿಂಚೋಳಿ, ಚಿತ್ತಾಪುರದ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ನಗರದಲ್ಲಿ ಉರ್ದು. ಆ ಮಗುವಿಗೆ ಪುಸ್ತಕದ ಕನ್ನಡ ಹೊಸದು, ನಮ್ಮ ಕಡೆಯ ಆಡುಗನ್ನಡವೂ ಪುಸ್ತಕದ ಹಾಗಿಲ್ಲ ಬಿಡಿ. ಟೀಚರ್ ಮಗುವಿನ ಮಾತಿನಲ್ಲೇ ಕೇಳಿ, ನಿಧಾನಕ್ಕೆ ಕನ್ನಡಕ್ಕೆ ಕರೆತರುತ್ತಾರಾ, ಅಥವಾ ಮಗು ಸುಮ್ನೆ ಕೂತಿದ್ದರೆ ಅದನ್ನೇ ಶಿಸ್ತು ಅಂದುಕೊಳ್ಳುತ್ತಾರಾ? ಬಣ್ಣ ಬಳಿದ ಗೋಡೆ, ಸ್ಮಾರ್ಟ್ ಟಿವಿ ಇದ್ದರೆ ಒಳ್ಳೇದೇ, ಆದರೆ ನಾನು ಒಂದೇ ಒಂದು ವಿಷಯ ನೋಡಿ ಶಾಲೆಯನ್ನು ಅಳೆಯಬೇಕು ಅಂದರೆ ಇದನ್ನೇ ನೋಡ್ತೀನಿ.

ಬಿಸಿಯೂಟದ ಹೊತ್ತಿಗೆ ಅಲ್ಲೇ ಇರಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದ್ದು ನಮ್ಮಂಥ ಜಿಲ್ಲೆಗಳಲ್ಲೇ, ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತ. ಅಡುಗೆ ಅಕ್ಕನವರ ಜೊತೆ ನಾಲ್ಕು ಮಾತಾಡಿ, ಯಾವ ಮಗು ಎರಡನೇ ಸಲ ಅನ್ನ ಕೇಳುತ್ತೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಶಿಕ್ಷಕರ ಜೊತೆ ಮಾತು ಬಿಡುವಿನ ಹೊತ್ತಿಗೆ ಇಟ್ಟುಕೊಳ್ಳಿ. ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಹಾಲು-ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ ಯಾರು ಮಾಡ್ತಾರೆ? ಇಷ್ಟು ಕೇಳಿದರೆ ಪಾಠಕ್ಕೆ ಎಷ್ಟು ಹೊತ್ತು ಉಳಿಯುತ್ತೆ ಅಂತ ನಿಮಗೇ ತಿಳಿಯುತ್ತದೆ.

ಹಾಜರಿ ಪುಸ್ತಕವನ್ನು ಅವರೇ ತೋರಿಸಿದರೆ ನೋಡಿ. ಹತ್ತಿ ಬಿಡಿಸುವಾಗ, ತೊಗರಿ ರಾಶಿಯ ಹೊತ್ತಿಗೆ, ಮನೆಯವರು ಕೂಲಿ ಹುಡುಕಿ ಗುಳೆ ಹೋದಾಗ ಹಾಜರಿ ಇಳಿಯುತ್ತದೆ. ಆದ್ದರಿಂದ ಜುಲೈನಲ್ಲಿ ಒಮ್ಮೆ ಹೋಗಿ, ಡಿಸೆಂಬರ್‌ನಲ್ಲಿ ಮತ್ತೆ ಹೋಗಿ. ಬಾರದ ಮಕ್ಕಳ ಮನೆಗೆ ಯಾರು ಹೋಗಿ ಬಂದರು ಅಂತ ಆಗ ಕೇಳಿ.

ಹೊರಡುವಾಗ ಸಂದರ್ಶಕರ ಪುಸ್ತಕದಲ್ಲಿ ಕಂಡದ್ದನ್ನು ಬರೆಯಿರಿ. ‘ಚೆನ್ನಾಗಿದೆ’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಟೀಚರ್‌, ಯಾವ ಪಾಠ, ಏನು ಚೆನ್ನಾಗಿತ್ತು ಅಂತ ಬರೆಯಿರಿ. ಕೊರತೆ ಕಂಡಿದ್ದರೆ ಮುಖ್ಯಗುರುಗಳಿಗೆ ಹೇಳಿ, ಮುಂದಿನ ಎಸ್‌ಡಿಎಂಸಿ ಸಭೆ ಯಾವಾಗ ಅಂತ ಕೇಳಿಕೊಂಡು ಬನ್ನಿ.